ನಿಮ್ಮ ಪಾತ್ರ ಇನ್ನೊಬ್ಬರ ಪಾಲಾದರೆ ಏನು ಮಾಡಬೇಕು?

"ಎರಡೂವರೆ ತಿಂಗಳು ತಾಲೀಮು ಮಾಡಿದ್ದೆ ಅಕ್ಕಾ. ಶೋಗೆ ಹನ್ನೆರಡು ದಿನ ಇದೆ ಅನ್ನುವಾಗ ನನ್ನ ಪಾತ್ರ ತೆಗೆದು ಅವನಿಗೆ ಕೊಟ್ಟರು. ನನ್ನ ಜೊತೆಗೇ ತಂಡಕ್ಕೆ ಸೇರಿದವನು. ಹಿಂದಿನಿಂದ ಹೋಗಿ ಚಾಡಿ ಹೇಳಿದ್ದಾನೆ. ನಾನೀಗ ಏನು ಮಾಡಲಿ?"

ಈ ಮಾತನ್ನು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಕೇಳಿದ್ದೇನೆ, ಹನುಮಂತನಗರದ ಕೆ.ಎಚ್. ಕಲಾಸೌಧದ ಹೊರಗೆ ಟೀ ಲೋಟ ಹಿಡಿದುಕೊಂಡು ಕೇಳಿದ್ದೇನೆ, ರಾತ್ರಿ ಹನ್ನೊಂದಕ್ಕೆ ಫೋನಿನಲ್ಲೂ ಕೇಳಿದ್ದೇನೆ. ನಾಟಕ ಬೇರೆ, ತಂಡ ಬೇರೆ, ಸಂಕಟ ಮಾತ್ರ ಒಂದೇ. ಕಲಾಕ್ಷೇತ್ರ ಶುರುವಾಗಿದ್ದು 1963ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಆ ಮೆಟ್ಟಿಲುಗಳು ಇಂಥ ಎಷ್ಟು ಕಥೆ ಕೇಳಿವೆಯೋ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಇದು ಹವ್ಯಾಸಿ ತಂಡಗಳಲ್ಲಿ ಇರುವವರಿಗೆ. ಅಂದರೆ ಹಗಲು ಆಫೀಸು ಅಥವಾ ಕಾಲೇಜು, ಸಂಜೆ ತಾಲೀಮು, ವಾರದ ಕೊನೆಗೆ ಶೋ ಅನ್ನುವವರಿಗೆ. ಸಂಬಳ ಕೊಟ್ಟು ಕಲಾವಿದರನ್ನು ಇಟ್ಟುಕೊಳ್ಳುವ ರೆಪರ್ಟರಿಗಳಲ್ಲಿ ಕರಾರು ಇರುತ್ತದೆ, ಅಲ್ಲಿನ ಲೆಕ್ಕ ಬೇರೆ.

ಮೊದಲು ಇಷ್ಟು ಕೈಯಲ್ಲಿ ಇಟ್ಟುಕೊಳ್ಳಿ

ತಾಲೀಮಿಗೆ ನೀವು ಹೋದ ದಿನ, ಹೋಗದ ದಿನ ಬರೆದ ಒಂದು ಪಟ್ಟಿ. ನೆನಪಿನಿಂದ ಬೇಡ, ತಂಡದ ವಾಟ್ಸಾಪ್ ಗುಂಪಿನ ಹಳೆಯ ಮೆಸೇಜು ನೋಡಿ ಬರೆಯಿರಿ. ಪಾತ್ರದ ಬಗ್ಗೆ, ಗೌರವಧನದ ಬಗ್ಗೆ ಡೈರೆಕ್ಟರ್ ಕಳಿಸಿದ ಮೆಸೇಜುಗಳು. ಬ್ಲಾಕಿಂಗ್ ಗುರುತು ಹಾಕಿಕೊಂಡ ನಿಮ್ಮ ಸ್ಕ್ರಿಪ್ಟು (ಬ್ಲಾಕಿಂಗ್ ಅಂದರೆ ಯಾವ ಮಾತಿಗೆ ಎಲ್ಲಿ ನಿಲ್ಲಬೇಕು, ಯಾವ ಕಡೆಗೆ ನಡೆಯಬೇಕು ಅನ್ನುವ ಲೆಕ್ಕ). ಇವೆಲ್ಲಕ್ಕಿಂತ ಮುಖ್ಯವಾಗಿ, ನಾಟಕದ ಗಂಧಗಾಳಿ ಇಲ್ಲದ ಒಬ್ಬ ಗೆಳೆಯರು ಅಥವಾ ಮನೆಯವರು. ತಂಡದ ಒಳಗಿನವರ ಹತ್ತಿರ ಅತ್ತುಕೊಂಡರೆ ಆ ಮಾತು ಸಂಜೆಯೊಳಗೆ ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿರುತ್ತದೆ.

1. ಎರಡು ದಿನ ಏನೂ ಮಾಡಬೇಡಿ

ಗುಂಪಿನಿಂದ ಹೊರಗೆ ಬರಬೇಡಿ. ಸ್ಟೇಟಸ್ ಹಾಕಬೇಡಿ. "ಕೆಲವರ ಬಣ್ಣ ಬಯಲಾಯಿತು" ಅಂತ ಹೆಸರಿಲ್ಲದೆ ಬರೆದರೂ ಅದು ಯಾರಿಗೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಹೆಸರು ಹಾಕಿ ಬರೆದರಂತೂ ವಿಷಯ ಕೋರ್ಟಿನವರೆಗೂ ಹೋಗಬಹುದು. ಮಾನಹಾನಿ ಈಗಲೂ ಅಪರಾಧವೇ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಬೆಂಗಳೂರಿನ ರಂಗಭೂಮಿ ಹೊರಗಿನವರಿಗೆ ದೊಡ್ಡದಾಗಿ ಕಾಣುತ್ತದೆ, ಒಳಗೆ ಬಂದರೆ ಒಂದು ಹಳ್ಳಿಯಷ್ಟೇ. ಇವತ್ತಿನ ಪೋಸ್ಟನ್ನು ಮುಂದಿನ ವರ್ಷ ನಿಮ್ಮನ್ನು ಪಾತ್ರಕ್ಕೆ ಕರೆಯಬೇಕು ಅಂದುಕೊಂಡವರೂ ಓದಿರುತ್ತಾರೆ.

ಆ ಎರಡು ದಿನ ನಿದ್ದೆ ಬರಲ್ಲ, ಊಟ ಸೇರಲ್ಲ. ಅದು ಸಹಜ. ಹಗಲೂ ರಾತ್ರಿ ಆ ಪಾತ್ರವೇ ಆಗಿ ಓಡಾಡಿದವರಿಗೆ ಅದನ್ನು ಕಿತ್ತುಕೊಂಡರೆ ಮನೆಯಿಂದ ಹೊರಗೆ ಹಾಕಿದ ಹಾಗೆ ಆಗುತ್ತದೆ. ಆದರೆ ವಾರ ಕಳೆದರೂ ಹಾಗೇ ಇದ್ದರೆ, ಬದುಕೇ ಬೇಡ ಅನ್ನಿಸತೊಡಗಿದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. "ಒಂದು ನಾಟಕಕ್ಕೆ ಇಷ್ಟೊಂದಾ" ಅಂತ ಸಂಕೋಚ ಪಡಬೇಡಿ.

2. ಇದು ದ್ರೋಹವೋ, ಡೈರೆಕ್ಟರ್ ನಿರ್ಧಾರವೋ ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಪಾತ್ರ ಯಾರಿಗೆ ಅಂತ ತೀರ್ಮಾನ ಮಾಡುವುದು ಡೈರೆಕ್ಟರ್ ಹಕ್ಕು. ಶೋಗೆ ಹತ್ತು ದಿನ ಇರುವಾಗಲೂ ಬದಲಾಯಿಸಬಹುದು. ಅದು ನೋವಾಗುವ ವಿಷಯ ಹೌದು, ಆದರೆ ನೋವಾದ ಮಾತ್ರಕ್ಕೆ ಅದು ದ್ರೋಹ ಆಗುವುದಿಲ್ಲ. ನಿಮ್ಮ ಪಟ್ಟಿ ತೆಗೆದು ಒಬ್ಬರೇ ಕೂತು ಈ ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ತಾಲೀಮು ತಪ್ಪಿಸಿದ್ದೀರಿ? ಹೇಳಿದ ದಿನಕ್ಕೆ ಮಾತು ಬಾಯಿಪಾಠ ಆಗಿತ್ತಾ? ಡೈರೆಕ್ಟರ್ ಮೊದಲೇ ಒಂದು ಸಲ ಎಚ್ಚರಿಕೆ ಕೊಟ್ಟಿದ್ದರಾ, ನೀವು ಅದನ್ನು ಸುಮ್ನೆ ಹೇಳಿದ್ದು ಅಂತ ಬಿಟ್ಟುಬಿಟ್ಟಿರಾ?

ವರ್ಷಗಳ ಹಿಂದೆ ನನ್ನ ಪಾತ್ರವೂ ಹೀಗೇ ಹೋಯಿತು. ಗೆಳತಿಯೇ ಕಿತ್ತುಕೊಂಡಳು ಅಂತ ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಯಾಕೋ ಡೈರಿ ತೆಗೆದು ಎಣಿಸಿದೆ. 31 ತಾಲೀಮಿನಲ್ಲಿ 11ಕ್ಕೆ ನಾನು ಹೋಗಿರಲಿಲ್ಲ. ಉಳಿದವುಗಳಲ್ಲಿ ಅರ್ಧಕ್ಕೆ ತಡವಾಗಿ ಹೋಗಿದ್ದೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಮೇಲೆ ತಪ್ಪು ಹಾಕಿ. ನಾನು ಇಲ್ಲದ ಆ ಹನ್ನೊಂದು ಸಂಜೆಯೂ ನನ್ನ ಜಾಗದಲ್ಲಿ ನಿಂತು ಮಾತು ಓದಿದವಳು ಅವಳೇ. ಡೈರೆಕ್ಟರ್ ಕೊನೆಗೆ "ನೀನೇ ಮಾಡು" ಅಂದಿದ್ದರು. ಅವಳು ಯಾರ ಹತ್ತಿರವೂ ಹೋಗಿ ಕೇಳಿರಲಿಲ್ಲ.

ಇನ್ನೊಂದು ಮಾತು. ದೊಡ್ಡ ಪಾತ್ರ ಬೇಕು ಅಂತ ಆಸೆ ಪಡುವುದು ತಪ್ಪಲ್ಲ. ಆಸೆ ಇಲ್ಲದವರು ಆಫೀಸು ಮುಗಿಸಿ, ಎರಡು ಬಸ್ಸು ಬದಲಾಯಿಸಿ, ಸೊಳ್ಳೆ ಕಚ್ಚಿಸಿಕೊಂಡು ಸ್ಕೂಲಿನ ಹಾಲಿನಲ್ಲಿ ರಾತ್ರಿ ಒಂಬತ್ತೂವರೆವರೆಗೆ ತಾಲೀಮು ಮಾಡಲ್ಲ. "ಈ ಪಾತ್ರ ನನಗೂ ಇಷ್ಟ, ಅವಕಾಶ ಇದ್ದರೆ ನೋಡಿ" ಅಂತ ಯಾರಾದರೂ ಡೈರೆಕ್ಟರ್ ಹತ್ತಿರ ನೇರವಾಗಿ ಕೇಳಿದ್ದರೆ ಅದು ಬರೀ ಆಸೆ. ನಿಮ್ಮ ಬಗ್ಗೆ ಸುಳ್ಳು ಹೇಳಿದ್ದರೆ, ನೀವು ನಂಬಿ ಹೇಳಿಕೊಂಡ ವಿಷಯವನ್ನು (ಕಾಯಿಲೆ, ಮನೆಯ ಜಗಳ, ಕೆಲಸ ಹೋಗಿದ್ದು) ನಿಮ್ಮ ವಿರುದ್ಧವೇ ಬಳಸಿದ್ದರೆ, ಅಥವಾ ತಾಲೀಮಿನ ಸಮಯ ಬದಲಾಗಿದ್ದನ್ನು ಬೇಕಂತಲೇ ನಿಮಗೆ ತಿಳಿಸದೆ ಇದ್ದಿದ್ದರೆ, ಅದು ದ್ರೋಹ. ಈ ಮೂರರಲ್ಲಿ ಒಂದೂ ಇಲ್ಲ ಅಂದರೆ ದಯವಿಟ್ಟು ಆ ಪದ ಬಳಸಬೇಡಿ. ಒಂದು ಸಲ ಬಾಯಿಂದ ಬಂದರೆ ವಾಪಸ್ ತೆಗೆದುಕೊಳ್ಳುವುದು ಬಹಳ ಕಷ್ಟ.

3. ಡೈರೆಕ್ಟರ್ ಹತ್ತಿರ ಮಾತಾಡಿ

ಮುಖಾಮುಖಿ, ಇಬ್ಬರೇ. ತಾಲೀಮಿನ ಜಾಗದಲ್ಲಿ ಬೇಡ. "ನಿಮ್ಮ ಹದಿನೈದು ನಿಮಿಷ ಬೇಕಿತ್ತು" ಅಂತ ಮೆಸೇಜು ಕಳಿಸಿ, ಒಂದು ದರ್ಶಿನಿಯಲ್ಲಿ ಕಾಫಿಗೆ ಕೂತರೆ ಸಾಕು. ಕೇಳಬೇಕಾದ್ದು ಮೂರೇ: "ಪಾತ್ರ ಬದಲಾಯಿಸಲು ಕಾರಣ ಏನು? ನನ್ನ ಕೆಲಸದಲ್ಲಿ ಏನು ಕಮ್ಮಿ ಆಯಿತು? ಈ ನಾಟಕದಲ್ಲಿ ನಾನು ಇನ್ನು ಏನು ಮಾಡಬಹುದು?" ಅವರು ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ, ಬರೆದುಕೊಳ್ಳಿ.

ಇಲ್ಲಿ ಆಗುವ ತಪ್ಪುಗಳು ಮೂರು. ಒಂದು, ಹೋದ ತಕ್ಷಣ "ಅವನು ಏನು ಹೇಳಿದ ನಿಮಗೆ?" ಅಂತ ಶುರು ಮಾಡುವುದು. ಆಗ ಮಾತು ನಿಮ್ಮ ಪಾತ್ರದ ಮೇಲಿಂದ ಅವನ ಮೇಲೆ ಹೋಗಿಬಿಡುತ್ತದೆ. ಇನ್ನೊಂದು, ಗಂಡನನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು ಹೋಗುವುದು. ಮೂರನೆಯದು, "ನಾನಿಲ್ಲದೆ ಶೋ ಹೇಗೆ ಮಾಡ್ತೀರೋ ನೋಡ್ತೀನಿ" ಅನ್ನುವುದು. ಶೋ ಆಗುತ್ತದೆ. ಯಾರಿಲ್ಲದಿದ್ದರೂ ಆಗುತ್ತದೆ.

ಒಂದು ಸುಳ್ಳಿನ ಮೇಲೆ ನಿರ್ಧಾರ ಆಗಿದೆ ಅಂತ ಗೊತ್ತಾದರೆ, ಆ ಸುಳ್ಳನ್ನು ಮಾತ್ರ ತಿದ್ದಿ. "12ನೇ ತಾರೀಖು ನಾನು ಬರಲಿಲ್ಲ ಅಂದಿದ್ದಾರೆ, ಅವತ್ತು ಬಂದಿದ್ದೆ, ಮೊದಲ ಅಂಕ ಪೂರ್ತಿ ಮಾಡಿದೆವು." ಇಷ್ಟೇ. ಪಟ್ಟಿ ಕೈಯಲ್ಲಿ ಇರಲಿ ಅಂದಿದ್ದು ಇದಕ್ಕೇ.

4. ಪಾತ್ರ ಸಿಕ್ಕ ಗೆಳೆಯನ ಹತ್ತಿರವೂ ಒಂದು ಸಲ

ಇದನ್ನು ಯಾರೂ ಮಾಡಲ್ಲ, ಹಾಗಾಗಿಯೇ ಹತ್ತು ವರ್ಷ ಹಗೆ ಉಳಿಯುತ್ತದೆ. ಜಾಸ್ತಿ ಬೇಡ, ಒಂದೇ ಪ್ರಶ್ನೆ ಸಾಕು: "ನನಗೆ ಮೊದಲೇ ಯಾಕೆ ಹೇಳಲಿಲ್ಲ?" ಎಷ್ಟೋ ಸಲ "ಯಾರಿಗೂ ಹೇಳಬೇಡ ಅಂದಿದ್ದರು ಕಣೋ" ಅನ್ನುವ ಉತ್ತರ ಬರುತ್ತದೆ, ಮತ್ತು ಅದು ನಿಜವೇ ಆಗಿರುತ್ತದೆ. ಉತ್ತರ ಕೊಡದೆ ಕಣ್ಣು ತಪ್ಪಿಸಿದರೆ ಅದೂ ಒಂದು ಉತ್ತರ. ಅಲ್ಲಿಗೆ ಬಿಟ್ಟುಬಿಡಿ.

5. ತಂಡದಲ್ಲೇ ಉಳಿದರೆ: ಜಗಳ ವಿಂಗಿನ ಹೊರಗೇ ಇರಲಿ

ವಿಂಗ್ ಅಂದರೆ ರಂಗದ ಪಕ್ಕದಲ್ಲಿ ಪ್ರೇಕ್ಷಕರಿಗೆ ಕಾಣದಂತೆ ನಾವು ನಿಲ್ಲುವ ಜಾಗ. ಚಿಕ್ಕ ಪಾತ್ರ ಕೊಟ್ಟರು, ನೀವು ಒಪ್ಪಿಕೊಂಡಿರಿ, ಈಗ ಅವನ ಎದುರೇ ನಿಂತು ಮಾತಾಡಬೇಕು. ಸೇಡು ತೀರಿಸಿಕೊಳ್ಳುವ ಆಸೆ ಹುಟ್ಟುವುದು ಆವಾಗಲೇ. ಅವನಿಗೂ ಹುಟ್ಟಬಹುದು. ರಂಗದ ಮೇಲೆ ಸೇಡು ಹೇಗೆ ಬರುತ್ತದೆ, ಬಂದರೆ ಏನು ಮಾಡಬೇಕು ಅಂತ ಗೊತ್ತಿರಲಿ.

ಕ್ಯೂ ನುಂಗುವುದು. ಕ್ಯೂ ಅಂದರೆ ನಿಮ್ಮ ಮಾತು ಶುರು ಆಗಲು ಎದುರಿನವರು ಕೊಡುವ ಕೊನೆಯ ಪದ. ಅದನ್ನು ಬೇಕಂತಲೇ ಬಿಟ್ಟರೆ ನೀವು ಬೆಪ್ಪಾಗಿ ನಿಲ್ಲುತ್ತೀರಿ, ಪ್ರೇಕ್ಷಕರು ನೀವೇ ಮಾತು ಮರೆತಿರಿ ಅಂದುಕೊಳ್ಳುತ್ತಾರೆ. ನಾನು ಒಂದು ಸಲ ಇದನ್ನು ಮಾಡಿದ್ದೇನೆ, ಮೇಲೆ ಹೇಳಿದ ಗೆಳತಿಗೇ. ಅವಳು ಹೇಗೋ ಎರಡು ಮಾತು ಸೇರಿಸಿ ದಾಟಿಕೊಂಡಳು. ಆದರೆ ನಾನು ನುಂಗಿದ ಆ ಪದವೇ ಬೆಳಕಿನವರಿಗೂ ಕ್ಯೂ ಆಗಿತ್ತು. ಅದು ಬರಲಿಲ್ಲ ಅಂತ ಅವರು ಕಾದರು. ರಾತ್ರಿಯ ನೀಲಿ ಬೆಳಕು ಹಾಗೇ ಉಳಿಯಿತು. ಹಿಂದಿನಿಂದ ದೊಡ್ಡ ಹಿತ್ತಾಳೆ ತಟ್ಟೆ ಹಿಡಿದುಕೊಂಡು ಬರಬೇಕಿದ್ದ ಹದಿನೇಳು ವರ್ಷದ ಹುಡುಗ, ಅವನ ಮೊದಲ ನಾಟಕ ಅದು, ಕತ್ತಲಲ್ಲಿ ಮೆಟ್ಟಿಲು ಕಾಣದೆ ಮುಗ್ಗರಿಸಿದ. ತಟ್ಟೆ ಉರುಳಿಕೊಂಡು ರಂಗದ ಅಂಚಿನವರೆಗೂ ಹೋಗಿ, ಗಿರಗಿರ ತಿರುಗಿ, ಸದ್ದು ನಿಲ್ಲುವವರೆಗೆ ನಾವ್ಯಾರೂ ಮಾತಾಡಲು ಆಗಲಿಲ್ಲ. ಅವನ ಮೊಣಕಾಲು ಕಿತ್ತುಹೋಗಿತ್ತು. ಶೋ ಮುಗಿದ ಮೇಲೆ "ಸಾರಿ ಅಕ್ಕಾ, ನಂದೇ ತಪ್ಪು" ಅಂತ ಅವನೇ ನನ್ನ ಹತ್ತಿರ ಬಂದ. ನಾನು ಆಮೇಲೆ ಯಾವತ್ತೂ ಕ್ಯೂ ನುಂಗಲಿಲ್ಲ.

ನಿಮಗೆ ಯಾರಾದರೂ ಹೀಗೆ ಮಾಡಿದರೆ? ಪದ ಮಾತ್ರ ಬಾಯಿಪಾಠ ಮಾಡಬೇಡಿ, ದೃಶ್ಯದಲ್ಲಿ ಏನು ನಡೆಯುತ್ತಿದೆ ಅಂತ ತಿಳಿದುಕೊಂಡಿರಿ. ಕ್ಯೂ ಬರದಿದ್ದರೂ ಸೇರಿಸಿಕೊಳ್ಳಲು ಒಂದೊಂದು ಸಾಲು ಮೊದಲೇ ಯೋಚಿಸಿಟ್ಟುಕೊಳ್ಳಿ. ಎರಡು ಶೋಗಳಲ್ಲಿ ಹೀಗೇ ಆದರೆ ದಿನ, ದೃಶ್ಯ ಬರೆದು ರಂಗ ನಿರ್ವಾಹಕರಿಗೆ (ಶೋ ನಡೆಯುವಾಗ ಹಿಂದೆ ನಿಂತು ಎಲ್ಲವನ್ನೂ ನಡೆಸುವವರು) ಕೊಡಿ.

ಅಪ್‌ಸ್ಟೇಜ್ ಮಾಡುವುದು. ಎದುರಿನವರು ಮೆಲ್ಲಗೆ ಹಿಂದೆ ಹಿಂದೆ ಸರಿಯುತ್ತಾರೆ. ಅವರ ಮುಖ ನೋಡಿ ಮಾತಾಡಬೇಕಾದ ನೀವು ಪ್ರೇಕ್ಷಕರಿಗೆ ಬೆನ್ನು ಹಾಕಬೇಕಾಗುತ್ತದೆ. ಹಳೆಯ ಕಾಲದ ಯುರೋಪಿನ ರಂಗಮಂದಿರಗಳಲ್ಲಿ ರಂಗದ ಹಿಂಭಾಗ ಎತ್ತರಕ್ಕೆ ಇಳಿಜಾರಾಗಿ ಇರುತ್ತಿತ್ತು, ಅದಕ್ಕೇ ಹಿಂದಕ್ಕೆ ಹೋಗುವುದಕ್ಕೆ ಮೇಲೆ ಹೋಗುವುದು ಅನ್ನುವ ಹೆಸರು. ಪರಿಹಾರ ಸುಲಭ. ಅವರ ಹಿಂದೆ ತಿರುಗಬೇಡಿ. ಅವರು ಅಲ್ಲಿ ಇದ್ದಾರೆ ಅಂತ ತಿಳಿದುಕೊಂಡೇ ಪ್ರೇಕ್ಷಕರ ಕಡೆ ಮುಖ ಇಟ್ಟು ಮಾತಾಡಿ.

ಪರಿಕರ ಕಾಣೆಯಾಗುವುದು. ಪತ್ರ, ಉಂಗುರ, ಬೀಗದ ಕೈ. ಬೇಕಂತಲೇ ಮುಚ್ಚಿಡುವವರೂ ಇದ್ದಾರೆ, ಮರೆತು ಜೇಬಿಗೆ ಹಾಕಿಕೊಂಡು ಹೋಗುವವರು ಅದಕ್ಕಿಂತ ಜಾಸ್ತಿ. ವಿಂಗಿನಲ್ಲಿ ಒಂದು ಮೇಜು ಹಾಕಿ, ಮೇಲೆ ಬ್ರೌನ್ ಪೇಪರ್ ಹಾಸಿ, ಒಂದೊಂದು ವಸ್ತುವಿನ ಸುತ್ತ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ಹೆಸರು ಬರೆಯಿರಿ. ಜಾಗ ಖಾಲಿ ಇದ್ದರೆ ದೂರದಿಂದಲೇ ಕಾಣುತ್ತದೆ. ಶೋಗೆ ಅರ್ಧ ಗಂಟೆ ಮೊದಲು ನಿಮ್ಮ ವಸ್ತು ನೀವೇ ನೋಡಿ. ಪತ್ರ ಓದುವ ದೃಶ್ಯ ಇದ್ದರೆ ಇನ್ನೊಂದು ಪ್ರತಿ ನಿಮ್ಮ ಜುಬ್ಬಾದ ಜೇಬಿನಲ್ಲೇ ಇರಲಿ.

ಕತ್ತಿ, ಕೋಲು, ಕಪಾಳಕ್ಕೆ ಹೊಡೆಯುವ ದೃಶ್ಯ. ಇದರಲ್ಲಿ ಮಾತ್ರ ಸ್ವಲ್ಪವೂ ರಾಜಿ ಬೇಡ. 1735ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಚಾರ್ಲ್ಸ್ ಮ್ಯಾಕ್ಲಿನ್ ಅನ್ನುವ ನಟ ಒಂದು ವಿಗ್ಗಿನ ವಿಷಯಕ್ಕೆ ಜಗಳ ತೆಗೆದು, ಸಿಟ್ಟಿನಲ್ಲಿ ಕೋಲಿನಿಂದ ಜೊತೆಯ ನಟ ಥಾಮಸ್ ಹ್ಯಾಲಮ್ ಕಣ್ಣಿಗೆ ತಿವಿದ. ಹ್ಯಾಲಮ್ ಸತ್ತುಹೋದ. ಒಂದು ವಿಗ್ಗಿಗೆ! ಮುನಿಸು ಇರುವ ಇಬ್ಬರ ನಡುವೆ ಹೊಡೆದಾಟದ ದೃಶ್ಯ ಇದ್ದರೆ ಪ್ರತಿ ಶೋಗೂ ಮೊದಲು ಅದನ್ನು ನಿಧಾನವಾಗಿ ಒಂದು ಸಲ, ಪೂರ್ತಿ ವೇಗದಲ್ಲಿ ಒಂದು ಸಲ ಮಾಡಿ ನೋಡಲೇಬೇಕು, ಮೂರನೆಯವರು ಪಕ್ಕದಲ್ಲಿ ನಿಂತಿರಬೇಕು. "ಇವತ್ತು ನಿಜವಾಗಿ ಹೊಡೆದರೆ ಎಫೆಕ್ಟ್ ಬರುತ್ತೆ" ಅಂತ ಯಾರಾದರೂ ಅಂದರೆ ಆ ದೃಶ್ಯ ಮಾಡಲ್ಲ ಅನ್ನುವ ಹಕ್ಕು ನಿಮಗಿದೆ.

ತಡವಾಗಿ ಬಂದು ಸೇಡು ತೀರಿಸಿಕೊಳ್ಳುವವರೂ ಇದ್ದಾರೆ. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಪ್ರೇಕ್ಷಕರನ್ನೇ ಒಳಗೆ ಬಿಡಲ್ಲ. ಅಂಥ ಕಡೆ ನಟರೇ ಬಂದಿಲ್ಲ ಅಂದರೆ ತಂಡದ ಮಾನ ಹೋಗುತ್ತದೆ, ಮುಂದಿನ ಸಲ ದಿನಾಂಕ ಕೇಳಲು ಮುಖ ಇರಲ್ಲ.

6. ಪಾತ್ರ ಹೋಗಿದ್ದಕ್ಕೆ ಕಾರಣವೇ ಬೇರೆ ಇದ್ದರೆ

ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಯಾರೋ ಕೇಳಿದ್ದಕ್ಕೆ ಒಪ್ಪಲಿಲ್ಲ, ಮೈ ಮುಟ್ಟಿದಾಗ ತಡೆದಿರಿ, ಅದಕ್ಕೆ ಪಾತ್ರ ಹೋಯಿತು ಅಂದರೆ ಅದು ತಂಡದ ಒಳರಾಜಕೀಯ ಅಲ್ಲ. ಅದು ಲೈಂಗಿಕ ಕಿರುಕುಳ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಸಂಬಳವಿಲ್ಲದೆ ಸ್ವಯಂಸೇವಕರಾಗಿ ಕೆಲಸ ಮಾಡುವವರಿಗೂ ಅನ್ವಯ ಆಗುತ್ತದೆ. "ನೀನೇನು ಇಲ್ಲಿ ಸಂಬಳಕ್ಕೆ ಇದ್ದೀಯಾ?" ಅನ್ನುವ ಮಾತಿಗೆ ಬೆಲೆ ಇಲ್ಲ. ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಮ್ಮಿ ಇದ್ದರೆ, ಅಥವಾ ದೂರು ತಂಡದ ಯಜಮಾನರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಪೊಲೀಸರ ಹತ್ತಿರ ಹೋಗುವ ದಾರಿ ಬೇರೆ ಇದ್ದೇ ಇದೆ. ಮೇಲೆ ಹೇಳಿದ ಎರಡು ದಿನ ಸುಮ್ಮನಿರುವ ಮಾತು, ಕಾಫಿ ಕುಡಿಯುತ್ತಾ ಮಾತಾಡುವ ಮಾತು ಇದಕ್ಕೆ ಅನ್ವಯಿಸಲ್ಲ. ಒಬ್ಬರೇ ಅವರನ್ನು ಭೇಟಿ ಮಾಡಬೇಡಿ.

7. ನೀವೇ ಬಿಟ್ಟು ಹೋಗುವವರಾದರೆ

ದ್ರೋಹದ ಮಾತು ಬಂದಾಗ ಎಲ್ಲರೂ ತಮಗೆ ಆಗಿದ್ದನ್ನು ಹೇಳುತ್ತಾರೆ. ಆದರೆ ಈ ಊರಿನಲ್ಲಿ ತಂಡಗಳು ಜಾಸ್ತಿ ನೊಂದಿರುವುದು ಸೀರಿಯಲ್ಲಿನಿಂದ. ನಾಟಕದಲ್ಲಿ ಒಳ್ಳೆಯ ಹೆಸರು ಬರುತ್ತದೆ, ಸೀರಿಯಲ್ಲಿನಿಂದ ಕರೆ ಬರುತ್ತದೆ, ನಾಳೆಯಿಂದಲೇ ಶೂಟಿಂಗ್ ಅನ್ನುತ್ತಾರೆ. ಶೋ ಮುಂದಿನ ಶನಿವಾರ. ಹೋಗಬೇಡಿ ಅಂತ ನಾನು ಹೇಳಲ್ಲ. ಬಾಡಿಗೆ ಕಟ್ಟಬೇಕು, ಅಪ್ಪ ಅಮ್ಮನಿಗೆ ಕಳಿಸಬೇಕು, ನಾಟಕ ಅದನ್ನು ಕೊಡಲ್ಲ.

ಆದರೆ ಹೋಗುವ ರೀತಿ ಇದೆ. ಒಪ್ಪಿಕೊಳ್ಳುವ ಮೊದಲೇ ಶೋ ದಿನಾಂಕ ಹೇಳಿ, ಆ ದಿನ ಬಿಡುವು ಕೊಡಿ ಅಂತ ಕೇಳಿ. ಕೇಳಿದರೆ ಎಷ್ಟೋ ಸಲ ಹೊಂದಿಸುತ್ತಾರೆ, ಯಾರೂ ಕೇಳುವುದೇ ಇಲ್ಲ. ಆಗಲೇ ಇಲ್ಲ ಅಂದರೆ ಅವತ್ತೇ ಡೈರೆಕ್ಟರ್‌ಗೆ ಫೋನ್ ಮಾಡಿ, ಮೆಸೇಜು ಅಲ್ಲ. ನಿಮ್ಮ ಬ್ಲಾಕಿಂಗ್ ಬರೆದ ಸ್ಕ್ರಿಪ್ಟನ್ನು ಹೊಸಬರಿಗೆ ಕೊಡಿ. ಮೂರು ಸಂಜೆ ಅವರ ಜೊತೆ ನಿಂತು ಹೇಳಿಕೊಡಿ, ರಾತ್ರಿ ಹತ್ತಕ್ಕೆ ಆದರೂ ಸರಿ. ಇಷ್ಟು ಮಾಡಿ ಹೋದವರನ್ನು ತಂಡದವರು ಆಮೇಲೂ ಪ್ರೀತಿಯಿಂದಲೇ ಕರೆದಿದ್ದನ್ನು ಕಂಡಿದ್ದೇನೆ. ಫೋನ್ ಸ್ವಿಚ್ ಆಫ್ ಮಾಡಿ ಹೋದವರನ್ನು ಯಾರೂ ಮರೆತಿಲ್ಲ.

8. ಗುಂಪಾಗಿ ಹೊರಗೆ ಬಂದು ಅದೇ ನಾಟಕ ಮಾಡುವ ಯೋಚನೆ ಇದ್ದರೆ

ಮುನಿಸಿಕೊಂಡ ಐದಾರು ಜನ ಸೇರಿ ಹೊಸ ತಂಡ ಕಟ್ಟಿ, ಹಳೆಯ ತಂಡದ ನಾಟಕವನ್ನೇ ಆಡಿ ತೋರಿಸುತ್ತೇವೆ ಅನ್ನುತ್ತಾರೆ. ತಡೆಯಿರಿ. ನಾಟಕ ನಿಮ್ಮದೂ ಅಲ್ಲ, ಹಳೆಯ ತಂಡದ್ದೂ ಅಲ್ಲ, ಬರೆದವರದು. 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ನಾಟಕಕಾರರು ಬದುಕಿರುವವರೆಗೆ, ಅವರು ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕು ಅವರದು ಅಥವಾ ಅವರ ವಾರಸುದಾರರದು. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ನಾಟಕಗಳಿಗೆ ಈಗ ಅನುಮತಿ ಬೇಕಿಲ್ಲ. ಶ್ರೀರಂಗರು ಹೋಗಿದ್ದು 1984ರಲ್ಲಿ, ಅವರ ನಾಟಕಕ್ಕೆ ಬೇಕು. ಹವ್ಯಾಸಿ ತಂಡ ದುಡ್ಡು ತೆಗೆದುಕೊಳ್ಳದೆ ಆಡಿದರೆ ವಿನಾಯಿತಿ ಇದೆ, ಆದರೆ ಟಿಕೆಟ್ ಇಟ್ಟ ಕೂಡಲೇ ಅನುಮತಿ ಬೇಕು. ಹಳೆಯ ತಂಡಕ್ಕೆ ಕೊಟ್ಟ ಪತ್ರ ನಿಮಗೆ ನಡೆಯಲ್ಲ, ನಿಮ್ಮ ಹೆಸರಿಗೇ ಬರೆಸಿಕೊಳ್ಳಿ. ಆ ತಂಡಕ್ಕಾಗಿ ಮಾಡಿದ ಹಾಡಿನ ರಾಗ, ಅನುವಾದ ಇವಕ್ಕೂ ಬೇರೆ ಬೇರೆ ಹಕ್ಕುದಾರರು ಇರುತ್ತಾರೆ.

9. ಲೆಕ್ಕ ಮುಗಿಸಿ ಹೊರಡಿ

ಬಿಡುವುದೇ ಅಂತ ತೀರ್ಮಾನ ಆದರೆ ಎರಡೇ ಸಾಲಿನ ಮೆಸೇಜು ಹಾಕಿ: ಇಂಥ ದಿನದಿಂದ ಬರುವುದಿಲ್ಲ, ಇಷ್ಟು ದಿನ ಅವಕಾಶ ಕೊಟ್ಟಿದ್ದಕ್ಕೆ ವಂದನೆ. ಕಾರಣ ಬರೆಯಬೇಡಿ, ಅದನ್ನು ಡೈರೆಕ್ಟರ್‌ಗೆ ಆಗಲೇ ಹೇಳಿದ್ದೀರಿ. ಬರಬೇಕಾದ ಗೌರವಧನ, ಓಡಾಟದ ಖರ್ಚು, ನೀವು ಕೈಯಿಂದ ಹಾಕಿದ ದುಡ್ಡು ಇದ್ದರೆ ಬಿಲ್ಲಿನ ಫೋಟೋ ಸಮೇತ ಬೇರೆ ಮೆಸೇಜಿನಲ್ಲಿ ಕೇಳಿ. ದುಡ್ಡಿನ ಮಾತನ್ನೂ ಮನಸ್ಸಿನ ನೋವನ್ನೂ ಒಂದರಲ್ಲೇ ಬರೆದರೆ ಎರಡಕ್ಕೂ ಉತ್ತರ ಬರಲ್ಲ. ಹಿಂದಿನ ಶೋಗಳಲ್ಲಿ ಮಾಡಿದ ಕೆಲಸಕ್ಕೆ ಕರಪತ್ರದಲ್ಲಿ ನಿಮ್ಮ ಹೆಸರು ಇದೆಯಾ ನೋಡಿಕೊಂಡು ಒಂದು ಪ್ರತಿ ಎತ್ತಿಟ್ಟುಕೊಳ್ಳಿ, ಮುಂದೆ ಬೇರೆ ತಂಡಕ್ಕೆ ಹೋದಾಗ ತೋರಿಸಲು ಬೇಕಾಗುತ್ತದೆ.

ಕಾಸ್ಟ್ಯೂಮು ನಿಮ್ಮ ಮನೆಯಲ್ಲಿ ಇದ್ದರೆ ಒಗೆದು, ಇಸ್ತ್ರಿ ಮಾಡಿ, ಕಿತ್ತ ಗುಂಡಿ ಹೊಲಿದು ವಾಪಸ್ ಕೊಡಿ. ಗೆಜ್ಜೆ, ಸೊಂಟಪಟ್ಟಿ, ಕಿವಿಯೋಲೆ ಎಲ್ಲ ಸೇರಿಸಿ ಒಂದು ಕಾಗದದಲ್ಲಿ ಪಟ್ಟಿ ಮಾಡಿ, ತೆಗೆದುಕೊಂಡವರಿಂದ ಕೆಳಗೆ ಸಹಿ ಹಾಕಿಸಿ, ಅಲ್ಲೇ ನಿಂತು ಅದರ ಫೋಟೋ ತೆಗೆದುಕೊಳ್ಳಿ.